ಆಂಪ್ ಮೇಲೆ ಕೂತವಳು

ಭಾನುವಾರ ಬೆಳಿಗ್ಗೆ ನಮ್ಮ ಮನೆ ಗುಂಪಿನಲ್ಲಿ ನಡೆದದ್ದು ಇದು. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ.

*ದೊಡ್ಡಪ್ಪ, 7:12*
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಇಂಗ್ಲೆಂಡಿನಲ್ಲಿ ನಾಲ್ವರು ಅಣ್ಣತಮ್ಮಂದಿರು ಬೀಟಲ್ಸ್ ಎಂಬ ವಾದ್ಯಗೋಷ್ಠಿ ಕಟ್ಟಿದ್ದರು. ಜಗತ್ತೇ ಅವರ ಹಿಂದೆ ಬಿತ್ತು. ಒಬ್ಬನ ಹೆಂಡತಿ ಬಂದು ನಡುವೆ ಕೂತಳು. ನಾಲ್ವರೂ ನಾಲ್ಕು ದಿಕ್ಕಾದರು. ಮನೆಗೆ ಬರುವ ಹೆಣ್ಣು ಹೊಂದಿಕೊಂಡರೆ ಮಾತ್ರ ಒಗ್ಗಟ್ಟು. ಡಾಕ್ಯುಮೆಂಟರಿಯಲ್ಲೇ ಸಾಕ್ಷಿ ಇದೆ. 🙏

*ತುಮಕೂರು ಅತ್ತೆ, 7:20*
ನೂರಕ್ಕೆ ನೂರು ನಿಜ ಅಣ್ಣಾ 🙏🙏

*ಪುಣೆ ತಮ್ಮ, 7:41*
ದೊಡ್ಡಪ್ಪ, ಇದು ಎಲ್ಲಿಂದ ಬಂತು? ಯಾವ ಡಾಕ್ಯುಮೆಂಟರಿ, ಎಷ್ಟನೇ ನಿಮಿಷ? ಅವರು ಅಣ್ಣತಮ್ಮಂದಿರೇ ಅಲ್ಲ.

*ದೊಡ್ಡಪ್ಪ, 7:44*
ನಿನಗೆ ಎಲ್ಲದಕ್ಕೂ ಆಧಾರ ಬೇಕು. ಅಜ್ಜಿ ತಿಥಿಯಲ್ಲಿ ಅಡುಗೆಯವರ ಹತ್ರಾನೂ ಲೆಕ್ಕ ಕೇಳಿದವನು ನೀನು.

*ಪುಣೆ ತಮ್ಮ, 7:45*
60 ಎಲೆ ಬಿದ್ದದ್ದಕ್ಕೆ 85 ಅಂತ ಬರೆದಿದ್ದರು!

*ತುಮಕೂರು ಅತ್ತೆ, 7:47*
ಊಟದ ಎಲೆ ಎಣಿಸಬಾರದಪ್ಪ.

*ನಾನು, 8:02*
ದೊಡ್ಡಪ್ಪ, ಅದು ‘ಗೆಟ್ ಬ್ಯಾಕ್’. ಪೀಟರ್ ಜಾಕ್ಸನ್ ಮಾಡಿದ್ದು, 2021ರಲ್ಲಿ ಬಂತು. ಮೂರು ಭಾಗ, ಹತ್ತಿರ ಹತ್ತಿರ 8 ಗಂಟೆ. ನಾನು ಎರಡು ಸಲ ಪೂರ್ತಿ ನೋಡಿದ್ದೀನಿ. ‘ಲೆಟ್ ಇಟ್ ಬಿ’ ಆಲ್ಬಂನ ಹಾಡುಗಳು ಹುಟ್ಟುತ್ತಿದ್ದ 1969ರ ಜನವರಿಯ ಚಿತ್ರೀಕರಣ. ನೀವು ಹೇಳಿದ ಆ ಹೆಂಡತಿ ಯೋಕೋ ಓನೋ ಅದರಲ್ಲಿ ಜಾನ್ ಲೆನನ್ ಪಕ್ಕ ಕೂತಿರ್ತಾಳೆ, ಪೇಪರ್ ಓದ್ತಾಳೆ, ಕುಂಚ ಹಿಡಿದು ಏನೋ ಬರೀತಿರ್ತಾಳೆ. ಅಷ್ಟೇ. ಆಗ ಹೆಂಡತಿಯೂ ಅಲ್ಲ, ಮದುವೆ ಆಗಿದ್ದು ಮಾರ್ಚ್ 20ಕ್ಕೆ.

*ದೊಡ್ಡಪ್ಪ, 8:05*
ಮದುವೆಗೆ ಮುಂಚೆಯೇ ಬಂದು ಕೂತಿದ್ದಳಾ? ಇನ್ನೂ ಕೆಟ್ಟದಾಯಿತು.

*ಮೈಸೂರು ಚಿಕ್ಕಪ್ಪ, 8:10*
ಬೀಟಲ್ಸ್ ಅಂದ ತಕ್ಷಣ ನಮ್ಮ ಟೇಪ್ ರೆಕಾರ್ಡರ್ ನೆನಪಾಯ್ತು! ಅಪ್ಪನ ದೇವರನಾಮದ ಕ್ಯಾಸೆಟ್ಟಿನಲ್ಲಿ, ಮತ್ತೆ ರೆಕಾರ್ಡ್ ಆಗದ ಹಾಗೆ ಇರುವ ತೂತಿಗೆ ಕಾಗದ ತುರುಕಿ, ಅದರ ಮೇಲೇ ಇವರ ಹಾಡು ತುಂಬಿಸಿದ್ದೆ. ರೇಡಿಯೋ ಮುಂದೆ ಟೇಪ್ ಇಟ್ಟು, ಯಾರೂ ಮಾತಾಡಬೇಡಿ ಅಂತ ಮನೆಗೆಲ್ಲ ಹೇಳಿ ಬರ್ತಿದ್ದೆ. ರೀಲು ಸಿಕ್ಕಿಕೊಂಡರೆ ಪೆನ್ಸಿಲ್. ಅಪ್ಪನಿಂದ ಒದೆ ಬಿದ್ದಿದ್ದೂ ನೆನಪಿದೆ.

*ತುಮಕೂರು ಅತ್ತೆ, 8:12*
ಆ ಟೇಪ್ ರೆಕಾರ್ಡರ್ ಈಗ ಯಾರ ಹತ್ರ ಇದೆ?

*ದೊಡ್ಡಪ್ಪ, 8:13*
ಪಾಲಾದಾಗ ಹೋಯಿತು. ಯಾರ ಮನೆಗೆ ಅಂತ ಎಲ್ಲರಿಗೂ ಗೊತ್ತು. ಮನೆ ಯಾರು ಬಂದ ಮೇಲೆ ಒಡೆಯಿತು ಅನ್ನೋದೂ ಗೊತ್ತು.

ಅಮ್ಮ ನನ್ನೆದುರಿಗೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಫೋನ್ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಏನೋ ಟೈಪ್ ಮಾಡಿದಳು, ಅಳಿಸಿದಳು, ಫೋನನ್ನು ಬೋರಲು ಹಾಕಿದಳು. ಆಮೇಲೆ ನನ್ನ ಕೈ ನಿಲ್ಲಲಿಲ್ಲ.

*ನಾನು, 8:31*
ಎಲ್ಲರೂ ಇದನ್ನ ಪೂರ್ತಿ ಓದಿ. ಆ ಜನವರಿಯಲ್ಲಿ ಬ್ಯಾಂಡ್ ಬಿಟ್ಟು ಎದ್ದು ಹೋದವನು ಜಾರ್ಜ್ ಹ್ಯಾರಿಸನ್, 10ನೇ ತಾರೀಖು. ನಾಲ್ವರಲ್ಲಿ ಚಿಕ್ಕವನು, 25 ವರ್ಷ. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಅಂತ ಒಳ್ಳೇ ಹಾಡು ತಂದಿದ್ದ. ಎಲ್ಲರೂ ನುಡಿಸಿ ನೋಡಿದರು, ಆದರೆ ಆಲ್ಬಂಗೆ ಅದು ಬರಲೇ ಇಲ್ಲ. ಮುಂದೆ 1970ರಲ್ಲಿ ಅದೇ ಹೆಸರಲ್ಲಿ ಮೂರು ರೆಕಾರ್ಡಿನ ತನ್ನದೇ ಆಲ್ಬಂ ತಂದ. ಅಷ್ಟು ಹಾಡು ಒಳಗಿಟ್ಟುಕೊಂಡು ಓಡಾಡುತ್ತಿದ್ದ ಹುಡುಗ ಅವನು.

ಅವನು ಹೋದ ಮೇಲೆ ಜಾನ್ ಮತ್ತು ಪಾಲ್ ಮೆಕಾರ್ಟ್ನಿ ಕ್ಯಾಂಟೀನಿನಲ್ಲಿ ಮಾತಾಡಿದ್ದನ್ನ ಹೂಕುಂಡದಲ್ಲಿ ಬಚ್ಚಿಟ್ಟ ಮೈಕು ಹಿಡಿದಿದೆ. ಇದು ಕೀವು ಕಟ್ಟಿದ ಗಾಯ, ನಾವು ಪಟ್ಟಿ ಕಟ್ಟಲಿಲ್ಲ ಅಂತಾನೆ ಜಾನ್. ಅದೇ ದಿನ, ಜಾನ್ ಬರುವ ಮುಂಚೆ, ಯೋಕೋ ಮಾತು ಬಂದಾಗ ಪಾಲ್ ಏನಂದ ಗೊತ್ತಾ? ಇನ್ನು 50 ವರ್ಷ ಆದ ಮೇಲೆ, ಯೋಕೋ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಮೇಲೆ ಕೂತಳು ಅಂತ ಇವರು ಬೇರೆಯಾದರು ಅಂತಾರೆ ಜನ, ಎಂಥ ನಗೆಪಾಟಲು ಅಂದ. ಆ 50 ವರ್ಷ ದಾಟಿ ನಾವು ಅದನ್ನೇ ಹೇಳ್ತಿದ್ದೀವಿ.

*ಪುಣೆ ತಮ್ಮ, 8:36*
ಅಕ್ಕ, ಅದರ ನಿರ್ಮಾಪಕರಲ್ಲಿ ಯೋಕೋ ಹೆಸರೂ ಇದೆ, ಪಾಲ್ ಹೆಸರೂ ಇದೆ. 60 ಗಂಟೆ ಫಿಲ್ಮಿನಲ್ಲಿ ಅವರು ತೋರಿಸಿದ 8 ಗಂಟೆ ನೀನು ನೋಡಿದ್ದು.

*ನಾನು, 8:40*
ಒಪ್ತೀನಿ. ಆದರೆ ಅದೇ ಫಿಲ್ಮಿನಿಂದ 1970ರಲ್ಲಿ ಮೊದಲ ಸಿನಿಮಾ ಬಂದಾಗ ಜಾರ್ಜ್ ಎದ್ದು ಹೋಗಿದ್ದೇ ಅದರಲ್ಲಿ ಇರಲಿಲ್ಲ. ಅವನ ನೋವು ಯಾರಿಗೂ ಕಾಣಲಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂತವಳು ಎಲ್ಲರಿಗೂ ಕಂಡಳು. ಇನ್ನೊಂದು, ಅವರ ವ್ಯವಹಾರ ನೋಡ್ತಿದ್ದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ 1967ರಲ್ಲೇ ತೀರಿಕೊಂಡಿದ್ದ. ಆ ಜಾಗಕ್ಕೆ ಅಲೆನ್ ಕ್ಲೈನ್ ಬೇಕು ಅಂತ ಮೂವರು, ಹೆಂಡತಿ ಕಡೆಯವರು ಬೇಕು ಅಂತ ಪಾಲ್. 1970ರ ಡಿಸೆಂಬರ್ 31ಕ್ಕೆ ಕೋರ್ಟಿಗೆ ಹೋದ. ಲೆಕ್ಕದ ಜಗಳ ದೊಡ್ಡಪ್ಪ ಅದು.

*ದೊಡ್ಡಪ್ಪ, 8:42*
ಹೆಂಡತಿ ಕಡೆಯವರು! ನೀನೇ ಬರೆದೆ ನೋಡು.

*ತುಮಕೂರು ಅತ್ತೆ, 8:43*
ಅಣ್ಣನಿಗೆ ಎದುರು ಮಾತಾಡೋದು ನಿಮ್ಮಪ್ಪನಿಂದ ಬಂದಿದ್ದು ನಿನಗೆ.

*ನಾನು, 8:45*
ಇರಬಹುದು ಅತ್ತೆ. ಅಂಗಡಿ ಲೆಕ್ಕ ತೋರಿಸಿ ಅಂತ ಅಪ್ಪ ಕೇಳಿದ್ದು 1988ರಲ್ಲಿ. ಅಮ್ಮ ಆ ಮನೆಗೆ ಕಾಲಿಟ್ಟಿದ್ದು 1990ರಲ್ಲಿ. ಮನೆ ಒಡೆದವಳು ಅನ್ನೋ ಮಾತು ಅಂದಿನಿಂದ ಅವಳ ತಲೆ ಮೇಲಿದೆ. ಅಪ್ಪ ಹೋದ ಮೇಲೂ ಇಳಿದಿಲ್ಲ.

ಸುಮಾರು ಹೊತ್ತು ಯಾರೂ ಏನೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ ಬಂದಿತ್ತು.

*ಮೈಸೂರು ಚಿಕ್ಕಪ್ಪ, 9:20*
ಅವಳು ಹೇಳಿದ್ದು ನಿಜ ಅಣ್ಣ. ಆವತ್ತು ನಾನು ರೇಡಿಯೋ ಮುಂದೆ ಟೇಪ್ ಇಟ್ಟುಕೊಂಡು ಕೂತಿದ್ದೆ. ಜಗಲಿಯಲ್ಲಿ ನೀವಿಬ್ಬರೂ ಕೂಗಾಡಿದ್ದು ಹಾಡಿನ ಜೊತೆಗೇ ರೆಕಾರ್ಡ್ ಆಗಿತ್ತು. ಅತ್ತಿಗೆ ಆಗಿನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಹಾಡು ಹಾಳಾಯ್ತಲ್ಲ ಅಂತ ನನಗೆ ಅಳು ಬಂದಿತ್ತು.

*ಪುಣೆ ತಮ್ಮ, 9:22*
ಅಪ್ಪಾ, ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?

*ಮೈಸೂರು ಚಿಕ್ಕಪ್ಪ, 9:25*
ಯಾರೂ ಕೇಳಲಿಲ್ಲ ಕಣೋ.

*ದೊಡ್ಡಮ್ಮ, 9:31*
ಪುಟ್ಟಿ, ಎದ್ದು ಹೋದ ಆ ಹುಡುಗ ವಾಪಸ್ ಬಂದನಾ?

*ನಾನು, 9:32*
ಬಂದ ದೊಡ್ಡಮ್ಮ. ಬಿಲ್ಲಿ ಪ್ರೆಸ್ಟನ್ ಅನ್ನೋ ಕೀಬೋರ್ಡ್ ನುಡಿಸುವವನೂ ಜೊತೆ ಸೇರಿದ. ಹೊರಗಿನವನ ಎದುರು ಎಲ್ಲರ ಮುಖವೂ ಅರಳಿತು. ಜನವರಿ 30ಕ್ಕೆ ಲಂಡನ್ನಿನ ತಮ್ಮ ಆಫೀಸಿನ ತಾರಸಿ ಮೇಲೆ, ಆ ಚಳಿಯಲ್ಲಿ, ನಾಲ್ವರೂ ಸೇರಿ 42 ನಿಮಿಷ ನುಡಿಸಿದರು. ಯೋಕೋ ಅಲ್ಲೇ ಒಂದು ಮೂಲೆಯಲ್ಲಿ ಕೂತು ಕೇಳಿದಳು.

*ಅಮ್ಮ, 9:50*
ಟೇಪ್ ರೆಕಾರ್ಡರ್ ನಮ್ಮ ಅಟ್ಟದಲ್ಲಿದೆ. ಬೆಲ್ಟು ಹೋಗಿದೆ. ಬೇಕಾದವರು ಬಂದು ತೊಗೊಂಡು ಹೋಗಿ.

*ದೊಡ್ಡಪ್ಪ, 10:04*
ಆ ಕ್ಯಾಸೆಟ್ಟೂ ಇದೆಯೇನಮ್ಮ?

*ಅಮ್ಮ, 10:05*
ಇದೆ ಭಾವ. ತೂತಿನಲ್ಲಿ ಕಾಗದ ಹಾಗೇ ಇದೆ.