ಅಪ್‌ಡೇಟ್: ಹಿಮೋಗ್ಲೋಬಿನ್ ಕಡಿಮೆ ಅಂತ ನಿಂತಿದ್ದ ತಂಗಿಯ ಪೈಲಟ್ ಮೆಡಿಕಲ್ ಪಾಸಾಯ್ತು

ನಮಸ್ಕಾರ್ರೀ, ಬೆಳಗಾವಿಯಿಂದ. ತಂಗಿಗೆ ರಕ್ತ ಕಡಿಮೆ ಅಂತ ಕ್ಲಾಸ್ 2 ಮೆಡಿಕಲ್‌ನಾಗ (ಪೈಲಟ್ ಆಗಾಕ ಮಾಡಿಸೋ ಮೊದಲ ಆರೋಗ್ಯ ತಪಾಸಣೆ) ತಾತ್ಕಾಲಿಕ ಅನ್‌ಫಿಟ್ ಕೊಟ್ಟಿದ್ರು, ಏನ್ ಮಾಡೋದು ಅಂತ ಇಲ್ಲೇ ಕೇಳಿದ್ದೆ, ನಿಮ್ಮಾಗ ಕೆಲವರು ಸಲಹೆ ಕೊಟ್ಟಿದ್ರಿ. ಮೊನ್ನೆ ಫಿಟ್ ಬಂತು.

ಕೆಲಸಕ್ಕೆ ಬಂದದ್ದು ಡಾಕ್ಟರ್ ಅಕ್ಕಾರ ಸಲಹೆ: ಹಿಮೋಗ್ಲೋಬಿನ್ ಒಂದೇ ಅಲ್ಲ, ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣ ಎಷ್ಟದ ಅಂತ ತೋರಿಸೋ ರಕ್ತ ಪರೀಕ್ಷೆ) ಸಹ ನೋಡಿಸ್ರಿ ಅಂದಿದ್ರು. ಅದು ತಳ ಮುಟ್ಟಿತ್ತು. ಡಾಕ್ಟರ್ ಬರೆದ ಕಬ್ಬಿಣದ ಗುಳಿಗಿ, ಲಿಂಬಿ ಶರಬತ್ತಿನ ಜೋಡಿ. ಗುಳಿಗಿ ಆಸುಪಾಸು ಚಹಾ ಬಂದ್, ಯಾಕಂದ್ರ ಚಹಾ ಕಬ್ಬಿಣ ಹೀರಿಕೊಳ್ಳಾಕ ಬಿಡಂಗಿಲ್ಲ. ಬರೀ ಬೀಟ್‌ರೂಟ್ ರಸದಿಂದ ಮೊದಲು ಏನೂ ಏರಿರಲಿಲ್ಲ.

ಮಾಜಿ ಏರ್‌ಫೋರ್ಸ್ ಅಣ್ಣಾರ ಮಾತು ಇನ್ನೂ ದೊಡ್ಡದು: ನಮ್ಮ ಬೆಳಗಾವಿ ವಿಮಾನ ನಿಲ್ದಾಣ ಇರೋ ಸಾಂಬ್ರಾದ ಫ್ಲೈಯಿಂಗ್ ಸ್ಕೂಲ್‌ನಾಗ ಆಗಲಿ, ಎಲ್ಲೇ ಆಗಲಿ, ಲಕ್ಷಗಟ್ಟಲೆ ಫೀ ಕಟ್ಟೋ ಮೊದಲು ಕ್ಲಾಸ್ 1 (ಕ್ಲಾಸ್ 2 ಕ್ಕಿಂತ ಕಟ್ಟುನಿಟ್ಟಾದ ಮೆಡಿಕಲ್) ಮುಗಿಸ್ರಿ. ಸ್ಟೂಡೆಂಟ್ ಲೈಸನ್ಸ್‌ಗೆ ಕ್ಲಾಸ್ 2 ಸಾಕು, ಆದ್ರ 200 ತಾಸು ಹಾರಿಸಿದ ಮ್ಯಾಲೂ ಕ್ಲಾಸ್ 1 ಇಲ್ಲದೇ ಸಿಪಿಎಲ್ (ಪೈಲಟ್ ನೌಕರಿಗೆ ಬೇಕಾದ ಕಮರ್ಷಿಯಲ್ ಲೈಸನ್ಸ್) ಸಿಗಂಗಿಲ್ಲ. ಅದಕ್ಕ ಈಗ ಬೆಂಗಳೂರಿಗೆ ಹೊಂಟೇವಿ.

ಚಷ್ಮಾ ಇದ್ರ ಆಗಂಗಿಲ್ಲ ಅಂದವರ ಮಾತು ಸುಳ್ಳಾಯ್ತು. ಚಷ್ಮಾ ಹಾಕ್ಕೊಂಡು 6/6 ಕಂಡಿತು, ಬಣ್ಣದ ಪರೀಕ್ಷೆಯೂ ಪಾಸು. ಗೊತ್ತಿರದ ಸಂಗತಿ ಒಂದು: ನಮ್ಮ ದೇಶದ ಪೈಲಟ್‌ಗಳಾಗ ಸುಮಾರು 15% ಹೆಣ್ಮಕ್ಕಳು, ಜಗತ್ತಿನ ಸರಾಸರಿಗಿಂತ ಎಷ್ಟೋ ಹೆಚ್ಚು. ಇದನ್ನ ಕೇಳಿ ಅಪ್ಪಾರೂ ಒಪ್ಪಿದ್ರು.