ಪದಚರ್ಚೆ: ರೇಡಿಯೇಟರ್‌ನಲ್ಲಿ ಸೇರಿದ ಕಸ – ‘ತೊಳೆಯುವುದೋ’, ‘ಹಸನು ಮಾಡುವುದೋ’?

ಎಲ್ಲರಿಗೂ ಶರಣು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪರಿಚಯದವರ ಗ್ಯಾರೇಜ್ ಒಂದಿದೆ. ಐಟಿಐ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ ಹುಡುಗರಿಗಾಗಿ ಕೆಲಸದ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಗೋಡೆಗೆ ಅಂಟಿಸುವ ಹಾಳೆಗಳು ಇವು. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಎಲ್ಲ ಸಲೀಸಾಗಿ ಮುಗಿದವು. ಈಗ ಮುಂದಿರುವುದು ಪೋರ್ಷೆಯ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳಲ್ಲಿ ಎಂಜಿನ್ ತಣಿಸುವ ರೇಡಿಯೇಟರ್‌ಗಳಲ್ಲಿ ಸೇರಿಕೊಳ್ಳುವ ಕಸವನ್ನು ತೆಗೆಯುವ ಕೆಲಸ. ಇದರಲ್ಲಿ ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಒಂದು, ಆ ಕಸಕ್ಕೆ ಹೆಸರು. ಇನ್ನೊಂದು, ಅದನ್ನು ತೆಗೆಯುವುದಕ್ಕೆ ಕ್ರಿಯಾಪದ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು, ಏಕೆಂದರೆ ಕ್ರಿಯಾಪದ ತಪ್ಪಿದರೆ ಅಲ್ಲಿ ಸಾಮಾನು ಹಾಳಾಗುತ್ತದೆ.

ಮೊದಲು ವಸ್ತುಸ್ಥಿತಿ ಹೇಳುತ್ತೇನೆ, ಅದು ತಿಳಿಯದೆ ಪದ ಹುಡುಕಿ ಫಲವಿಲ್ಲ. ಈ ಕಾರುಗಳಲ್ಲಿ ಎಂಜಿನ್ ಮುಂದಿಲ್ಲ. 911ರಲ್ಲಿ ಅದು ತೀರ ಹಿಂದೆ ಇದೆ, ಬಾಕ್ಸ್‌ಸ್ಟರ್‌ನಲ್ಲಿ ಸೀಟುಗಳ ಬೆನ್ನಿಗೆ ಇದೆ. ಆದರೆ ರೇಡಿಯೇಟರ್‌ಗಳು ಮಾತ್ರ ಕಾರಿನ ಮೂತಿಯ ಎರಡೂ ಮಗ್ಗುಲಲ್ಲಿ, ಮುಂದಿನ ಚಕ್ರಗಳಿಗೂ ಮುಂದೆ ಇವೆ. ಕೆಲವು ಮಾದರಿಗಳಲ್ಲಿ ನಡುವೆ ಮೂರನೆಯದೂ ಉಂಟು. ಬಿಸಿಯಾದ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಾರಿನ ತಳದಲ್ಲಿರುವ ಕೊಳವೆಗಳ ಮೂಲಕ ಮುಂದಕ್ಕೆ ಹೋಗಿ, ತಣಿದು, ಮತ್ತೆ ಹಿಂದಕ್ಕೆ ಬರುತ್ತದೆ. 1963ರಲ್ಲಿ ಮೊದಲು ಪ್ರದರ್ಶನಗೊಂಡ 911 ಮೂರು ದಶಕಕ್ಕೂ ಹೆಚ್ಚು ಕಾಲ ಬರೀ ಗಾಳಿಯಿಂದ ತಣಿಯುವ ಎಂಜಿನ್ ಇಟ್ಟುಕೊಂಡಿತ್ತು. 1996ರಲ್ಲಿ ಬಾಕ್ಸ್‌ಸ್ಟರ್, 1997ರಲ್ಲಿ 996 ಸರಣಿಯ 911 ಬಂದ ಮೇಲೆ ರೇಡಿಯೇಟರ್ ಬಂತು, ಅದರ ಜೊತೆಗೇ ಈ ಕಸದ ಕಾಟವೂ ಬಂತು.

ಬಂಪರ್‌ನ ಬಾಯಿಗಳು ನೆಲಕ್ಕೆ ಬಹಳ ಹತ್ತಿರ. ಒಳಗೆ ಮೊದಲು ಎ.ಸಿ.ಯ ಗ್ಯಾಸ್ ತಣಿಸುವ ಕಂಡೆನ್ಸರ್, ಅದಕ್ಕೆ ಒತ್ತಿಕೊಂಡಂತೆ ರೇಡಿಯೇಟರ್, ಅದರ ಹಿಂದೆ ಫ್ಯಾನ್. ಗಾಳಿಯ ಜೊತೆ ಒಳಗೆ ಹೋದ ಎಲೆ ಹೊರಗೆ ಬರುವುದಿಲ್ಲ. ದೊಡ್ಡ ಎಲೆ ಕಂಡೆನ್ಸರ್ ಮುಂದೆ ಕೂರುತ್ತದೆ. ಸಣ್ಣ ಚೂರುಗಳು ಅಂಚಿನಿಂದ ನುಸುಳಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಇಳಿಯುತ್ತವೆ. ಬಗ್ಗಿ ಟಾರ್ಚ್ ಬಿಟ್ಟರೆ ಮುಂದಿನದು ಕಾಣುತ್ತದೆ, ಸಂದಿಯಲ್ಲಿರುವುದು ಬಂಪರ್ ಬಿಚ್ಚುವ ತನಕ ಕಾಣುವುದಿಲ್ಲ. ನಮ್ಮ ಕಡೆ ಬರೀ ಎಲೆಯೂ ಅಲ್ಲ. ಅಮರಗೋಳದ ಎಪಿಎಂಸಿಗೆ ಹೋಗುವ ಹತ್ತಿ ಲಾರಿಗಳಿಂದ ಹಾರಿದ ಅರಳೆ, ಸುಗ್ಗಿಯಲ್ಲಿ ಡಾಂಬರು ರಸ್ತೆಯನ್ನೇ ಕಣ ಮಾಡಿದಲ್ಲಿ ಏಳುವ ಹೊಟ್ಟು, ಹುಣಸೆಯ ಸಣ್ಣೆಲೆ, ನವಲಗುಂದದ ಕಡೆಯ ಕರಿಮಣ್ಣಿನ ಧೂಳು, ಹುಳು, ಪ್ಲಾಸ್ಟಿಕ್ ಚೂರು ಎಲ್ಲವೂ ಅಲ್ಲಿ ಇರುತ್ತವೆ. ಮಳೆನೀರು ಬಿದ್ದೊಡನೆ ಇದು ಮೆತ್ತಗಾಗಿ ಒಂದಕ್ಕೊಂದು ಅಂಟಿ ಪದರವಾಗುತ್ತದೆ. ಆ ಪದರ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಯೂಮಿನಿಯಂ ಕಂಡೆನ್ಸರ್‌ನ ಕೆಳಮೂಲೆ ತಿನ್ನಲು ಇದು ಸಾಕು. ಸಣ್ಣ ತೂತಾಗಿ ಗ್ಯಾಸ್ ಸೋರಿದ ಮೇಲೆ ಎ.ಸಿ. ಬಿಸಿ ಗಾಳಿ ಬಿಡುತ್ತದೆ. ಇತ್ತ ರೇಡಿಯೇಟರ್‌ಗೆ ಗಾಳಿ ಸಾಲದೆ ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತದೆ, ಫ್ಯಾನ್ ಎಡೆಬಿಡದೆ ತಿರುಗುತ್ತದೆ.

ಇದಕ್ಕೆ ಇಂಗ್ಲಿಷ್ ಕೈಪಿಡಿ ‘ಡೆಬ್ರಿ’ ಎನ್ನುತ್ತದೆ. ನಮ್ಮ ನಿಘಂಟುಗಳಿಂದ ಬರುವ ‘ಅವಶೇಷ’, ‘ಭಗ್ನಾವಶೇಷ’ ಇಲ್ಲಿ ಸಲ್ಲುವುದಿಲ್ಲ. ಪತ್ರಿಕೆಗಳಲ್ಲಿ ಕಟ್ಟಡ ಕುಸಿದಾಗ, ವಿಮಾನ ಬಿದ್ದಾಗ ಆ ಪದ ಬರುತ್ತದೆ. ಅದನ್ನು ಓದಿದ ಹುಡುಗ ರೇಡಿಯೇಟರ್ ಒಡೆದಿದೆ ಎಂದುಕೊಂಡರೆ ಅವನ ತಪ್ಪಲ್ಲ. ‘ಕಸ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ತೀರ ಅಗಲವಾದ ಪದ. ನನಗೆ ಒಪ್ಪಿಗೆಯಾದದ್ದು ‘ರವದಿ’. ಕಬ್ಬಿನ ರವದಿ, ಜೋಳದ ರವದಿ ಎಂದು ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ದಿನವೂ ಆಡುವ ಮಾತು. ಒಣಗಿದ, ಹಗುರವಾದ, ಗಾಳಿಗೆ ಹಾರುವ ಎಲೆಯ ರಾಶಿ ಕಣ್ಣಿಗೆ ಕಟ್ಟುತ್ತದೆ. ಕಂಡೆನ್ಸರ್ ಮುಂದೆ ಕೂತಿರುವುದು ಅದೇ.

ಸಂದಿಯೊಳಗಿನ ಪದರಕ್ಕೆ ಮಾತ್ರ ರವದಿ ಹೊಂದುವುದಿಲ್ಲ. ಒಬ್ಬ ಹಿರಿಯರು ‘ಹೂಳು’ ಎನ್ನಬಹುದಲ್ಲ ಎಂದರು. ಉಣಕಲ್ ಕೆರೆಯ ಹೂಳೆತ್ತುವ ಸುದ್ದಿ ಓದಿ ಬೆಳೆದ ನಮಗೆ ಪದ ಹೊಸದಲ್ಲ. ಆದರೆ ಹೂಳು ನೀರಿನ ತಳದಲ್ಲಿ ನಿಲ್ಲುವ ಮಣ್ಣು. ಇಲ್ಲಿ ಮಣ್ಣಿಗಿಂತ ನಾರು ಹೆಚ್ಚು, ಅದು ಲಂಬವಾಗಿ ನಿಂತ ಲೋಹಕ್ಕೆ ಮೆತ್ತಿಕೊಂಡಿರುತ್ತದೆ. ‘ಹಕ್ಕಳೆ’ ಹೆಚ್ಚು ಹತ್ತಿರ ಎಂದು ನನ್ನ ಎಣಿಕೆ. ಗಾಯದ ಮೇಲೆ ಕಟ್ಟುವುದು, ಗೋಡೆಯಿಂದ ಏಳುವುದು ಎರಡೂ ಹಕ್ಕಳೆಯೇ. ಒಣಗಿದ ಮೇಲೆ ಅಂಚು ಹಿಡಿದು ಎಬ್ಬಿಸಿದರೆ ಈ ಪದರವೂ ಹಾಗೆಯೇ ಬಿಲ್ಲೆಬಿಲ್ಲೆಯಾಗಿ ಬರುತ್ತದೆ. ಆದ್ದರಿಂದ ಮುಂದಿನದಕ್ಕೆ ರವದಿ, ಒಳಗಿನದಕ್ಕೆ ಹಕ್ಕಳೆ ಎಂದು ಸದ್ಯಕ್ಕೆ ಬರೆದಿದ್ದೇನೆ. ಎರಡು ಹೆಸರಿದ್ದರೆ, ಮುಂದಿನದನ್ನಷ್ಟೇ ತೆಗೆದು ಕೆಲಸ ಮುಗಿಯಿತು ಎಂದು ಯಾರೂ ಬಂಪರ್ ಮುಚ್ಚಲಾರರು ಎಂಬ ಆಸೆಯೂ ಇದರಲ್ಲಿದೆ.

ಈಗ ಕ್ರಿಯಾಪದ. ಗ್ಯಾರೇಜಿನಲ್ಲಿ ಎಲ್ಲದಕ್ಕೂ ‘ಕ್ಲೀನ್ ಮಾಡು’ ಎನ್ನುತ್ತಾರೆ. ಅದನ್ನು ಕನ್ನಡಕ್ಕೆ ತರುವಾಗ ಕೈಗೆ ಮೊದಲು ಬರುವುದು ‘ತೊಳೆಯಿರಿ’. ತೊಳೆಯಿರಿ ಎಂದು ಗೋಡೆಯ ಮೇಲೆ ಬರೆದರೆ ನಮ್ಮ ಹುಡುಗ ನೇರವಾಗಿ ವಾಟರ್ ಸರ್ವಿಸ್ ಗನ್ ಎಳೆದು ತರುತ್ತಾನೆ. ಸಾಮಾನ್ಯ ಪ್ರೆಶರ್ ವಾಶರ್ ಕೂಡ ನೂರು ಬಾರ್ ಒತ್ತಡ ಮುಟ್ಟುತ್ತದೆ. ರೇಡಿಯೇಟರ್‌ನ ಕೊಳವೆಗಳ ನಡುವೆ ಇರುವ ಅಲ್ಯೂಮಿನಿಯಂ ತಗಡಾದರೋ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ತೆಳು. ಗನ್ ಓರೆಯಾಗಿ ಹಿಡಿದರೆ ಕ್ಷಣದಲ್ಲಿ ಅದು ಮಲಗಿಬಿಡುತ್ತದೆ, ಗಾಳಿಯ ದಾರಿ ಕಸ ಇದ್ದಾಗಿಗಿಂತ ಹೆಚ್ಚು ಮುಚ್ಚಿಹೋಗುತ್ತದೆ. ಮುಂದಿನಿಂದ ನೀರು ಹೊಡೆದರೆ ಹೊಟ್ಟು, ಅರಳೆ ಎಲ್ಲ ಇನ್ನೂ ಆಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತವೆ.

‘ಗಾಳಿ ಹೊಡೆಯಿರಿ’ ಎಂದರೂ ಇದೇ ಅಪಾಯ, ಸ್ವಲ್ಪ ಕಡಿಮೆ ಅಷ್ಟೆ.

ನಿಜವಾದ ಕೆಲಸ ಹೇಗೆ ನಡೆಯುತ್ತದೆ ನೋಡಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಕೀಲಿ ತೆಗೆದಿರಬೇಕು, ಬಿಸಿಯಿದ್ದರೆ ಫ್ಯಾನ್ ತಾನಾಗಿ ತಿರುಗೀತು. ಚಕ್ರದ ಗೂಡಿನ ಒಳಹೊದಿಕೆಯ ಸ್ಕ್ರೂ ಬಿಚ್ಚಿ, ಬಂಪರ್ ಕಳಚಿ ಪಕ್ಕಕ್ಕಿಡಬೇಕು. ದೊಡ್ಡ ಎಲೆಗಳನ್ನು ಕೈಯಿಂದ ಆರಿಸಬೇಕು, ಉಳಿದದ್ದನ್ನು ಮೆದು ಬ್ರಶ್‌ನಿಂದ ಸಡಿಲಿಸಿ ವ್ಯಾಕ್ಯೂಮ್‌ನಿಂದ ಎಳೆಯಬೇಕು. ನಂತರ ಕಂಡೆನ್ಸರ್‌ನ ಬೋಲ್ಟ್ ತೆಗೆದು, ಗ್ಯಾಸ್ ಪೈಪುಗಳನ್ನು ಮುಟ್ಟದೆ, ಪೈಪು ಬಗ್ಗದಷ್ಟು ಮಾತ್ರ ಅದನ್ನು ಮುಂದಕ್ಕೆ ವಾಲಿಸಿ ಸಂದಿಯ ಹಕ್ಕಳೆ ಎಬ್ಬಿಸಬೇಕು. ಆ ಪೈಪಿನಲ್ಲಿ ಗ್ಯಾಸ್ ಭಾರೀ ಒತ್ತಡದಲ್ಲಿರುತ್ತದೆ, ಅದನ್ನು ಬಿಚ್ಚುವುದು ಈ ಹಾಳೆಯ ಕೆಲಸವಲ್ಲ. ಕಟ್ಟಕಡೆಗೆ ತೋಟದ ಪೈಪಿನ ಮೆದು ಧಾರೆಯನ್ನು ಹಿಂದಿನಿಂದ ಮುಂದಕ್ಕೆ ಬಿಡಬೇಕು, ಕಸ ಬಂದ ದಾರಿಯಲ್ಲೇ ಹಿಂದಿರುಗುವಂತೆ. ನೀರು ಬರುವುದು ಕೊನೆಯಲ್ಲಿ. ಅದಕ್ಕೂ ಮೊದಲಿನ ಕೆಲಸವೆಲ್ಲ ಆರಿಸುವುದು, ಸಡಿಲಿಸುವುದು, ಬೇರ್ಪಡಿಸುವುದು.

ಇದಕ್ಕೆ ನಮ್ಮಲ್ಲಿ ಪದ ಇದ್ದೇ ಇದೆ: ‘ಹಸನು ಮಾಡುವುದು’. ಅಕ್ಕಿ ಹಸನು ಮಾಡುವಾಗ ನೀರು ಮುಟ್ಟುವ ಮೊದಲೇ ಕಲ್ಲು, ಕಡ್ಡಿ, ಜಾಳು ಎಲ್ಲ ಬೆರಳಿನಿಂದ ಹೊರಗೆ ಹೋಗಿರುತ್ತವೆ. ಈ ಪದ ಕೇಳಿದ ಕೂಡಲೇ ಕೈ ತಾನಾಗಿ ನಿಧಾನವಾಗುತ್ತದೆ, ಕಣ್ಣು ಹತ್ತಿರ ಬರುತ್ತದೆ. ಹೀಗಾಗಿ ಹಾಳೆಯ ತಲೆಬರಹ ‘ರೇಡಿಯೇಟರ್ ಹಸನು ಮಾಡುವ ಕ್ರಮ’ ಎಂದಿಟ್ಟು, ‘ತೊಳೆಯಿರಿ’ ಎಂಬುದನ್ನು ಕೊನೆಯ ಹಂತಕ್ಕೆ ಮಾತ್ರ ಬಳಸಿದ್ದೇನೆ. ಅನುಮಾನ ಇಷ್ಟೇ: ಈ ಹಾಳೆ ನಾಳೆ ಮೈಸೂರಿಗೋ ಮಂಗಳೂರಿಗೋ ಹೋದರೆ? ‘ರೈತರ ಬದುಕು ಹಸನಾಗಲಿ’ ಎಂದು ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ. ಆದರೆ ಕೈಯಿಂದ ಮಾಡುವ ಕೆಲಸದ ಅರ್ಥದಲ್ಲಿ ಆ ಕಡೆಯವರು ಅದನ್ನು ಬಳಸುತ್ತಾರೆಯೇ?

ಇನ್ನೊಂದು ತೊಡಕು ಕಾಲದ್ದು, ಇದನ್ನು ಹೇಳದೆ ಬಿಡಲಾರೆ. ಯುರೋಪಿನವರು ಎಲೆ ಉದುರಿದ ಮೇಲೆ, ಚಳಿಗಾಲಕ್ಕೆ ಮುಂಚೆ ಈ ಕೆಲಸ ಮಾಡಿ ಎನ್ನುತ್ತಾರೆ. ಅವರ ಆ ಋತುವನ್ನು ನಾವು ಕಣ್ಣುಮುಚ್ಚಿ ‘ಶರದೃತು’ ಎಂದು ಬರೆಯುತ್ತೇವೆ. ನಮ್ಮ ಶರತ್ತು ಆಶ್ವಯುಜ, ಕಾರ್ತಿಕ. ಆಗ ಮರಗಳು ಮಳೆಯುಂಡು ಹಸಿರಾಗಿರುತ್ತವೆ. ಇಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಮಾಘ, ಫಾಲ್ಗುಣದಲ್ಲಿ. ಉದುರಿದ ಎಲೆಗೆ ಅಡ್ಡಮಳೆ ಬಿದ್ದಾಗಲೇ ರವದಿ ಹಕ್ಕಳೆಯಾಗಲು ತೊಡಗುವುದು. ಅದಕ್ಕೇ ‘ಯುಗಾದಿ ಕಳೆದ ಮೇಲೆ, ರೋಹಿಣಿ ಮಳೆಗೆ ಮುಂಚೆ’ ಎಂದು ಬರೆದೆ. ಇಂಥ ಕಡೆ ಪದಕ್ಕೆ ಪದ ಇಟ್ಟರೆ ಕಾರಿಗೂ ಕೇಡು, ಕನ್ನಡಕ್ಕೂ ಕೇಡು.

ಬಿಡಿಭಾಗಗಳ ಹೆಸರಿನಲ್ಲಿ ನನಗೆ ಹಟವಿಲ್ಲ. ರೇಡಿಯೇಟರ್, ಕಂಡೆನ್ಸರ್ ಹಾಗೆಯೇ ಇರಲಿ. ‘ವಿಕಿರಕ’ ಎಂದರೆ ಯಾರಿಗೂ ತಿಳಿಯದು, ಮೇಲಾಗಿ ಈ ಯಂತ್ರದಲ್ಲಿ ಬಿಸಿ ಹೋಗುವುದು ಬಹುಪಾಲು ಹಾಯುವ ಗಾಳಿಯ ಮೂಲಕ, ವಿಕಿರಣದಿಂದಲ್ಲ. ಅಲ್ಯೂಮಿನಿಯಂ ಹಾಳಾಗುವುದಕ್ಕೆ ‘ತುಕ್ಕು’, ‘ಜಂಗು’ ಬರೆಯಲು ಮನಸ್ಸು ಬರಲಿಲ್ಲ. ಕೆಂಪು ಬಣ್ಣ ಹುಡುಕುತ್ತಾ ಹುಡುಗರು ಬಿಳಿ ಪುಡಿಯನ್ನು ಬಿಟ್ಟುಬಿಡುತ್ತಾರೆ. ‘ಬಿಳಿ ಪುಡಿ ಎದ್ದಿದೆಯೇ ನೋಡಿ’ ಎಂದೇ ಬರೆದಿದ್ದೇನೆ. ಬಗ್ಗಿದ ತಗಡನ್ನು ನೆಟ್ಟಗೆ ಮಾಡುವ ಸಾಧನಕ್ಕೆ ‘ಹಣಿಗೆ’ ಸೊಗಸಾಗಿ ಕೂಡುತ್ತದೆ. ‘ಬಾಚಣಿಗೆ’ ಬೇಕೆನ್ನುವವರು ಹಾಗೆಯೇ ಬರೆದುಕೊಳ್ಳಲಿ.

ಆ ತಗಡುಗಳಿಗೇ ಒಂದು ಒಳ್ಳೆಯ ಹೆಸರು ಇನ್ನೂ ಸಿಕ್ಕಿಲ್ಲ. ಇಂಗ್ಲಿಷಿನವರು ‘ಫಿನ್’ ಎಂದು ಮೀನಿನ ರೆಕ್ಕೆಯ ಹೆಸರನ್ನೇ ಕೊಟ್ಟಿದ್ದಾರೆ. ‘ರೆಕ್ಕೆ’ ಎಂದರೆ ನಮ್ಮಲ್ಲಿ ಫ್ಯಾನಿನ ರೆಕ್ಕೆ ಎಂದಾಗುತ್ತದೆ, ಅದೂ ಪಕ್ಕದಲ್ಲೇ ಇರುವುದರಿಂದ ಗೊಂದಲ ಖಂಡಿತ. ನಾನು ಹೂವಿನ ಎಸಳಿಗೆ ನಮ್ಮ ಕಡೆ ಅನ್ನುವ ‘ಪಕಳೆ’ ಎಂದು ಬರೆದು ನೋಡಿದ್ದೇನೆ. ತೆಳುವಾದದ್ದು, ಮುಟ್ಟಿದರೆ ಮುದುಡುವಂಥದ್ದು ಎಂಬ ಎಚ್ಚರಿಕೆ ಆ ಪದದಲ್ಲೇ ಇದೆ. ಆದರೆ ಗ್ಯಾರೇಜಿನ ಹುಡುಗರು ಇಡೀ ಭಾಗಕ್ಕೆ ‘ಜಾಳಿ’ ಎನ್ನುತ್ತಾರೆ, ಬಿಡಿ ತಗಡಿಗೆ ಅವರಲ್ಲಿ ಹೆಸರಿಲ್ಲ.

ಗದಗ, ಹಾವೇರಿ ಕಡೆಯಲ್ಲಿ ಟ್ರ್ಯಾಕ್ಟರ್ ರೇಡಿಯೇಟರ್ ರಿಪೇರಿ ಮಾಡುವವರ ಪರಿಚಯ ಇದ್ದವರು ದಯವಿಟ್ಟು ಕೇಳಿ ತಿಳಿಸಿ. ರಾಶಿಯ ಕಾಲದಲ್ಲಿ ಹೊಟ್ಟಿನ ನಡುವೆಯೇ ದುಡಿಯುವ ಯಂತ್ರಗಳು ಅವು, ಅವರ ಬಾಯಲ್ಲಿ ಈ ಪದರಕ್ಕೂ ತಗಡಿಗೂ ಹೆಸರು ಇದ್ದಿರಲೇಬೇಕು. ಹಕ್ಕಳೆ, ಪಕಳೆ ಎರಡನ್ನೂ ಅದಕ್ಕಾಗಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ವಾರ ಹಾಳೆ ಅಚ್ಚಿಗೆ ಹೋಗುತ್ತದೆ.