ಹೊಸ ಅಡುಗೆಮನೆ: ಗ್ರಾನೈಟ್ ಕತ್ತರಿಸೋ ಮೊದಲು ಏನೇನು ತೀರ್ಮಾನ ಆಗಬೇಕು?

ಹೊಸಮನೆ_ತುಮಕೂರು

ಪ್ಲಾಸ್ಟರಿಂಗ್ ಮುಗಿದಿದೆ. ಮುಂದಿನ ವಾರ ವೈರಿಂಗ್‌ಗೆ ಗೋಡೆ ಕೊರೆಯುತ್ತಾರೆ, ಆಮೇಲೆ ಕಡಪ ಕಲ್ಲು, ಗ್ರಾನೈಟ್. ಅಡುಗೆಮನೆ 10 ಅಡಿಗೆ 8 ಅಡಿ, ಸೂರು 10 ಅಡಿ ಎತ್ತರ, ಎಲ್ ಆಕಾರದ ಕಟ್ಟೆ, ಪಕ್ಕದಲ್ಲಿ ಸಣ್ಣ ಯುಟಿಲಿಟಿ. ನೆಲಮಹಡಿ ಮಾತ್ರ, ಟ್ಯಾಂಕ್ ನೇರ ತಾರಸಿ ಮೇಲೆ. ಬೋರ್ ನೀರು, ಟಿಡಿಎಸ್ ಮೀಟರ್ 820 ತೋರಿಸುತ್ತದೆ. ದಿನಾ ಮುದ್ದೆ, ಒಗ್ಗರಣೆ, ಭಾನುವಾರ ಬಾಡೂಟ. ಹೆಚ್ಚು ಅಡುಗೆ ಮಾಡುವವರ ಎತ್ತರ 5 ಅಡಿ 2 ಇಂಚು.

ಕೇಳಬೇಕಾದ್ದು: ಕಟ್ಟೆ ಕಲ್ಲು ಕೊರೆದು ಕೂರಿಸುವ ಹಾಬ್ ಒಳ್ಳೆಯದೋ, ಮೇಲೆ ಇಡುವ ಸ್ಟೌವೇ ಸಾಕೋ? ಚಿಮಣಿಗೆ 1400 ಸಕ್ಷನ್ (ಗಂಟೆಗೆ ಅಷ್ಟು ಘನ ಮೀಟರ್ ಗಾಳಿ ಎಳೆಯೋದು) ಬೇಕೇಬೇಕು ಅಂತಾರೆ ಅಂಗಡಿಯವರು, ನಿಜವಾ? ಸ್ಟೀಲ್ ಸಿಂಕಾ, ಕ್ವಾರ್ಟ್ಜ್ ಸಿಂಕಾ? ಬಾಗಿಲಿಗೆ ಯಾವ ಪ್ಲೈ? ಡಿಶ್‌ವಾಶರ್ ಈಗ ತಗೊಳಲ್ಲ, ಆದರೆ ಜಾಗ ಬಿಡಬೇಕು. ಕಟ್ಟೆ ಎತ್ತರ 33 ಇಂಚು ಅಂದಿದ್ದಾರೆ ಮೇಸ್ತ್ರಿ.

ಒಗ್ಗರಣೆ_ಸೌಟು

ಮೊದಲು ಎತ್ತರದ ಮಾತು, ಯಾಕೆಂದರೆ ಹಾಬೋ ಸ್ಟೌವೋ ಅನ್ನೋದು ಅದರಲ್ಲೇ ಅಡಗಿದೆ. ಸ್ಟೌ ಇಟ್ಟರೆ ಪಾತ್ರೆಯ ತಳ ಕಟ್ಟೆಗಿಂತ 5–6 ಇಂಚು ಮೇಲೆ ಹೋಗುತ್ತದೆ, ಹಾಬ್ ಆದರೆ ಹೆಚ್ಚೆಂದರೆ 2 ಇಂಚು. 5 ಅಡಿ 2 ಇಂಚಿನವರ ಮೊಣಕೈ ನೆಲದಿಂದ ಸುಮಾರು 39 ಇಂಚು. ಹೆಚ್ಚೋಕೆ, ಲಟ್ಟಿಸೋಕೆ ಮೊಣಕೈಗಿಂತ 4–6 ಇಂಚು ಕೆಳಗಿರಬೇಕು, ಅಂದರೆ 33–35. ಆದರೆ ಮುದ್ದೆ ತಿರುವೋದು ಮೊಣಕೈ ಕೆಲಸ ಅಲ್ಲ, ಭುಜದ ಭಾರ ಕೋಲಿನ ಮೇಲೆ ಬೀಳಬೇಕು. 33ರ ಕಟ್ಟೆ, ಅದರ ಮೇಲೆ ಸ್ಟೌ, ಅದರ ಮೇಲೆ ಗುಂಡಿ ಪಾತ್ರೆ ಅಂದರೆ ಪಾತ್ರೆಯ ಬಾಯಿ ಎದೆಮಟ್ಟಕ್ಕೆ ಬಂತು. ಕವೆಗೋಲು ಹಾಕಿಕೊಂಡು ನೆಲದ ಮೇಲೆ ತಿರುವುವ ಮನೆಯಾದರೆ ಈ ತಲೆನೋವೇ ಇಲ್ಲ. ಒಲೆ ಮೇಲೇ ತಿರುವುವವರಾದರೆ ಒಲೆಯ ಕಡೆ ಕಟ್ಟೆಯನ್ನು 30ಕ್ಕೆ ಇಳಿಸಿ ಸ್ಟೌ ಇಡಿ, ಇಲ್ಲವೇ 32ಕ್ಕೆ ಹಾಬ್ ಕೂರಿಸಿ.

ಹಾಬ್ ಆದರೆ ಗಾಜಿನದು ಬೇಡ, ಸ್ಟೀಲ್ ಮೈಯದು ತಗೊಳ್ಳಿ. ಗಾಜಿನ ಹಾಬ್‌ನಲ್ಲಿ ಪಾತ್ರೆಯ ಭಾರ, ಕೋಲಿನ ಒತ್ತು ಎರಡೂ ಪ್ಯಾನ್ ಸಪೋರ್ಟ್ ಕಾಲಿನ ಮೂಲಕ ಗಾಜಿನ ಮೇಲೇ ಇಳಿಯುತ್ತವೆ. ಅಗಲ ತಳದ ಬಾಣಲೆ ಇಟ್ಟರೆ ಬೆಂಕಿಯ ಕಾವು ಮೇಲೆ ಹೋಗದೆ ತಳಕ್ಕೂ ಗಾಜಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಥ ಹೊತ್ತಲ್ಲಿ ಒದ್ದೆ ಬಟ್ಟೆ ಆಡಿಸಿದರೆ ಟಫನ್ಡ್ ಗಾಜು ಬಿರುಕು ಬಿಡೋದಿಲ್ಲ, ಒಟ್ಟಿಗೇ ಪುಡಿಯಾಗುತ್ತದೆ. ಬರ್ನರ್ ಹಿತ್ತಾಳೆಯದೇ ಇರಲಿ, ಅಲ್ಯೂಮಿನಿಯಂ ಮಿಶ್ರಲೋಹದ್ದು ಕಾವಿಗೆ ಸೊಟ್ಟಗಾಗುತ್ತದೆ. ಸಾರು ಉಕ್ಕಿ ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಫ್ಲೇಮ್ ಫೇಲ್ಯೂರ್ ವ್ಯವಸ್ಥೆಗೆ ಹಣ ಹಾಕಿ. ಎಲ್‌ಪಿಜಿ ಸ್ಟೌವಿಗೆ ಐಎಸ್ 4246 ಗುರುತು ನೋಡಿ. ಮುಂದೆ ಪೈಪ್ ಗ್ಯಾಸ್ ಬಂದರೆ ಬರ್ನರ್‌ಗೆ ಗ್ಯಾಸ್ ಬಿಡುವ ಜೆಟ್ ಬದಲಾಯಿಸಬೇಕಾಗುತ್ತದೆ. ಪೈಪ್ ಗ್ಯಾಸಿನ ಜೆಟ್ ತೂತು ದೊಡ್ಡದು, ಅದನ್ನೇ ಎಲ್‌ಪಿಜಿಗೆ ಇಟ್ಟರೆ ಹಳದಿ ಉರಿ ಎದ್ದು ಪಾತ್ರೆ ಮಸಿ ಹಿಡಿಯುತ್ತದೆ. ಜೆಟ್ ಸೆಟ್ ಸಿಗುವ ಮಾಡೆಲ್ಲೇ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಹಾಬ್ ಕೈಗೆ ಬರದೆ ಗ್ರಾನೈಟ್‌ಗೆ ತೂತು ಕೊಡಬೇಡಿ. ಒಂದೊಂದು ಮಾಡೆಲ್‌ಗೆ ಒಂದೊಂದು ಅಳತೆ. ತೂತಿನ ಮುಂದೆ, ಹಿಂದೆ ಕನಿಷ್ಠ 3 ಇಂಚು ಕಲ್ಲು ಉಳಿಯಬೇಕು, ಮೂಲೆಗಳು ದುಂಡಗಿರಬೇಕು. ಚೂಪು ಮೂಲೆಯಿಂದಲೇ ಕಲ್ಲು ಸೀಳೋದು.

ಇನ್ನು ಚಿಮಣಿ. ನಿಮ್ಮ ಕೋಣೆ 800 ಘನ ಅಡಿ, ಅಂದರೆ 23 ಘನ ಮೀಟರ್‌ಗೆ ಸ್ವಲ್ಪ ಕಮ್ಮಿ. ಗಂಟೆಗೆ 20 ಸಲ ಗಾಳಿ ಬದಲಾಗಲಿ ಅಂದರೂ 450 ಸಾಕು. ಡಬ್ಬಿ ಮೇಲಿನ 1200 ಅನ್ನೋದು ಪೈಪ್ ಜೋಡಿಸದೆ ಅಳೆದ ಸಂಖ್ಯೆ. ಪೈಪು, ಬೆಂಡು, ಎಣ್ಣೆ ಕಟ್ಟಿದ ಫಿಲ್ಟರ್ ಸೇರಿ ಅರ್ಧ ತಿಂದರೂ 600 ಉಳೀತು. ಹಾಗಾಗಿ 1000–1200 ಧಾರಾಳ. ಅದನ್ನು ಹಾಳು ಮಾಡೋದು ಪೈಪು: 6 ಇಂಚಿನ ಬಾಯಿಗೆ 4 ಇಂಚಿನ ಪೈಪ್ ಹಾಕಿದರೆ ಗಾಳಿಯ ದಾರಿ 36ರಿಂದ 16ಕ್ಕೆ ಇಳಿಯಿತು, ಅರ್ಧಕ್ಕಿಂತ ಕಡಿಮೆ. ಆಮೇಲೆ 1400 ಆದರೂ ಅಷ್ಟೆ, ಸದ್ದು ಮಾತ್ರ ಜಾಸ್ತಿ. 6 ಇಂಚು ಕೊನೇತನಕ, ಬೆಂಡು ಎರಡಕ್ಕಿಂತ ಹೆಚ್ಚು ಬೇಡ, ಉದ್ದ 10 ಅಡಿ ದಾಟದಿರಲಿ. ಅಲ್ಯೂಮಿನಿಯಂ ಫ್ಲೆಕ್ಸಿಬಲ್ ಪೈಪ್ ಹಾಕಿದರೆ ಪೂರ್ತಿ ಎಳೆದು ಬಿಗಿ ಮಾಡಿಸಿ. ಸುಕ್ಕು ಉಳಿದರೆ ಅಲ್ಲೇ ಎಣ್ಣೆ ನಿಲ್ಲುತ್ತದೆ. ಹೊರಗಿನ ಬಾಯಿಗೆ ಮುಚ್ಚಳದ ಕೌಲ್ ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಪಾರಿವಾಳ ಸಂಸಾರ ಹೂಡುತ್ತದೆ.

ಒಲೆಯಿಂದ ಚಿಮಣಿಗೆ 65–75 ಸೆಂ.ಮೀ. ಅಂತರ, ಅಗಲ ಒಲೆಯಷ್ಟಾದರೂ. ಒಲೆ ಪಕ್ಕದ ಕಿಟಕಿ ತೆರೆದರೆ ಹೊಗೆ ಅಡ್ಡ ಹೊಡೆಯುತ್ತದೆ, ಎದುರುಬದಿಯದು ಸ್ವಲ್ಪ ತೆರೆದಿರಲಿ. ಒಳಗೆ ಗಾಳಿ ಬಾರದೆ ಹೊರಗೆ ಹೋಗೋದೂ ಇಲ್ಲ. ದಿನಾ ಒಗ್ಗರಣೆಯ ಮನೆಗೆ ಆಟೋ ಕ್ಲೀನ್ ಇರಲಿ.

ಮೂರೆಳೆ_ವೈರು

ಮೇಲಿನವರ ಕೊನೇ ಸಾಲಿಗೆ ನನ್ನ ತಕರಾರಿದೆ. ಆಟೋ ಕ್ಲೀನ್ ಅಂದರೆ ಒಳಗೊಂದು ಹೀಟರ್ ಎಣ್ಣೆಯನ್ನು ಕರಗಿಸಿ ಬಟ್ಟಲಿಗೆ ಇಳಿಸೋದು, ಅಷ್ಟೆ. ಪೈಪಿನ ಜಿಡ್ಡು, ಬ್ಲೋವರ್‌ಗೆ ಅಂಟಿದ ಗಟ್ಟಿ ಪದರ ಅದರಿಂದ ಹೋಗೋದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಬ್ಯಾಫಲ್ ಫಿಲ್ಟರ್ (ಎಣ್ಣೆ ತಡೆಯುವ ಬಾಗಿದ ಲೋಹದ ಪಟ್ಟಿಗಳದು) ಬಿಚ್ಚಿ ಬಿಸಿನೀರು, ಸೋಪಿನಲ್ಲಿ ನೆನೆಹಾಕುವ ಮನಸ್ಸಿದ್ದರೆ ಸಾದಾ ಬ್ಯಾಫಲ್ಲೇ ಅಗ್ಗ, ರಿಪೇರಿಯೂ ಕಮ್ಮಿ.

ಗೋಡೆ ಕೊರೆಯೋ ಮೊದಲು ಇದನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಮೈಕ್ರೋವೇವ್, ಇಂಡಕ್ಷನ್, ಡಿಶ್‌ವಾಶರ್, ಗೀಸರ್‌ಗೆ 16 ಆಂಪಿಯರ್ ಸಾಕೆಟ್. ಮಿಕ್ಸಿ 750 ವ್ಯಾಟ್ ಅಂದರೆ ಮೂರೂಕಾಲು ಆಂಪಿಯರ್, ಅದಕ್ಕೆ 6 ಆಂಪಿಯರ್ ಸಾಕು. ಗ್ರೈಂಡರ್, ಫ್ರಿಜ್, ಚಿಮಣಿಗೂ ಅಷ್ಟೆ. 2000 ವ್ಯಾಟ್ ಇಂಡಕ್ಷನ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ 13. ಮಾಮೂಲಿ ತಪ್ಪು ಏನೆಂದರೆ ಕಟ್ಟೆ ಮೇಲೆ ಮೂರು 16 ಆಂಪಿಯರ್ ಸಾಕೆಟ್ ಕೊಟ್ಟು, ಮೂರನ್ನೂ ಒಂದೇ 2.5 ಚದರ ಮಿ.ಮೀ. ವೈರಿಗೆ ಕಟ್ಟೋದು. ಇಂಡಕ್ಷನ್ ಮೇಲೆ ಹಾಲು ಇಟ್ಟು ಮೈಕ್ರೋವೇವ್, ಡಿಶ್‌ವಾಶರ್ ಎರಡನ್ನೂ ಓಡಿಸಿದರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆರುವ ಸ್ವಿಚ್) ಬೀಳುತ್ತದೆ. ಆಗ ಯಾರೋ ಬಂದು ದೊಡ್ಡ ಎಂಸಿಬಿ ಹಾಕಿ ಹೋಗುತ್ತಾರೆ, ಇನ್ನು ಸುಡೋದು ವೈರೇ. ಭಾರೀ ಯಂತ್ರಕ್ಕೆ ಬೇರೆ ಬೇರೆ ಸರ್ಕ್ಯೂಟ್, ಗೀಸರ್‌ಗೆ 4 ಚದರ ಮಿ.ಮೀ. ವೈರು, ಎಲ್ಲಕ್ಕೂ ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಬೆಸ್ಕಾಂ ಮಂಜೂರಾದ ಲೋಡ್ ಎಷ್ಟು ಅಂತಲೂ ನೋಡಿಕೊಳ್ಳಿ.

ಚಿಮಣಿ ಸಾಕೆಟ್ ನೆಲದಿಂದ 7 ಅಡಿಗೆ, ಪೈಪಿನ ಕವರ್ ಹಿಂದೆ ಬರದ ಹಾಗೆ. ಒಲೆಯ ನೇರ ಹಿಂದಿನ ಗೋಡೆಯಲ್ಲಿ, ಸಿಂಕ್ ಮೇಲೆ ಏನೂ ಬೇಡ. ಗ್ರೈಂಡರನ್ನು ಎತ್ತಿಡುವ ಕೆಲಸ ಯಾರೂ ದಿನಾ ಮಾಡೋದಿಲ್ಲ. ಅದಕ್ಕೊಂದು ಕಾಯಂ ಜಾಗ, ಅಲ್ಲೇ ಸಾಕೆಟ್.

ನಲ್ಲಿ_ನೀರು

ಟಿಡಿಎಸ್ 820 ಅಂದರೆ ನೀರು ಗಡಸು ಅಂತ ಅರ್ಥವಲ್ಲ. ಕರಗಿದ ಎಲ್ಲ ಲವಣಗಳ ಲೆಕ್ಕ ಅದು, ಗಡಸುತನ ಕ್ಯಾಲ್ಸಿಯಂ ಮೆಗ್ನೀಸಿಯಂನದ್ದು ಮಾತ್ರ. ಲ್ಯಾಬಿನಲ್ಲಿ ಗಡಸುತನದ ಜತೆ ಫ್ಲೋರೈಡ್ ಕೂಡ ಪರೀಕ್ಷೆ ಮಾಡಿಸಿ, ತುಮಕೂರು ಜಿಲ್ಲೆಯ ಬೋರ್ ನೀರಿಗೆ ಅದು ಬೇಕೇಬೇಕು. ಕುಡಿಯುವ ನೀರಿನ ಐಎಸ್ 10500 ಪ್ರಕಾರ ಟಿಡಿಎಸ್ 500 ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಗಡಸುತನಕ್ಕೆ ಇದೇ ಎರಡು ಮಿತಿ ಲೀಟರಿಗೆ 200 ಮತ್ತು 600 ಮಿಲಿಗ್ರಾಂ. ಫ್ಲೋರೈಡ್ ಹೆಚ್ಚಿದ್ದರೆ ಬರೀ ಯುವಿ ಸಾಲದು, ಆರ್‌ಒ ಬೇಕು. ಅದರ ತ್ಯಾಜ್ಯ ನೀರನ್ನು ಯುಟಿಲಿಟಿಯ ಬಕೆಟ್‌ಗೆ ಬಿಡುವ ಹಾಗೆ ಪೈಪ್ ಈಗಲೇ ಗೋಡೆಯಲ್ಲಿ ಹಾಕಿಸಿ, ನೆಲ ಒರೆಸೋಕಾಗುತ್ತೆ.

ಸಿಂಕ್ ಸ್ಟೀಲಿನದೇ, 304 ದರ್ಜೆ, ಒಂದೇ ಬಟ್ಟಲು, 24 × 18 ಇಂಚು, ಆಳ 9. ಕಪ್ಪು ಕ್ವಾರ್ಟ್ಜ್ ಮೇಲೆ ಬೋರ್ ನೀರಿನ ಬಿಳಿ ಕಲೆ ಎದ್ದು ಕಾಣುತ್ತದೆ. ಎರಡು ಬಟ್ಟಲಿನದು ತಂದರೆ ಮುದ್ದೆ ಪಾತ್ರೆ ಎರಡರಲ್ಲೂ ಹಿಡಿಯೋದಿಲ್ಲ. ದಪ್ಪ 1 ಮಿ.ಮೀ.ಗಿಂತ ಕಮ್ಮಿ ಬೇಡ. ಅಂಗಡಿಯಲ್ಲಿ ಆಯಸ್ಕಾಂತ ಹಚ್ಚಿ ‘ನೋಡಿ ಅಂಟಲ್ಲ, 304’ ಅಂದರೆ ನಂಬಬೇಡಿ, ಅಗ್ಗದ 202 ದರ್ಜೆಯೂ ಅಂಟೋದಿಲ್ಲ. 304ರಲ್ಲಿ ಶೇ. 8ರಷ್ಟು ನಿಕ್ಕಲ್ ಇರುತ್ತದೆ, 202ರಲ್ಲಿ ಅದರ ಬದಲಿಗೆ ಮ್ಯಾಂಗನೀಸ್ ಹೆಚ್ಚು. ಗುಜರಿಯವರ ಹತ್ತಿರ ಸಿಗುವ ಟೆಸ್ಟ್ ದ್ರಾವಣ, ಒಂದು 9 ವೋಲ್ಟ್ ಬ್ಯಾಟರಿ ಇದ್ದರೆ ಗೊತ್ತಾಗುತ್ತದೆ: ಹನಿ ಕೆಂಪಾದರೆ 202. ಮತ್ತೆ, 304 ಆದರೂ ಟಾಯ್ಲೆಟ್ ಆಸಿಡ್ ಸೋಕಿದರೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ.

ಗೋಡೆಯ ಡ್ರೈನ್ ತೂತಿನ ಎತ್ತರ ಈಗಲೇ ನೋಡಿ. ಕಟ್ಟೆ 33 ಇಂಚು, ಸಿಂಕ್ ಆಳ 9 ಕಳೆದರೆ 24, ಕಪ್ಲಿಂಗ್ 3–4, ಟ್ರ್ಯಾಪ್ (ವಾಸನೆ ತಡೆಯುವ ಬಾಗಿದ ಕೊಳವೆ) 6 ಕಳೆದರೆ 14–15. ತೂತು ನೆಲದಿಂದ 12–14 ಇಂಚಿಗೆ ಇರಬೇಕು. ಹಳೇ ರೂಢಿಯಂತೆ 18ಕ್ಕೆ ಇಟ್ಟಿದ್ದರೆ ನೀರು ಮೇಲಕ್ಕೆ ಹತ್ತಬೇಕು, ಹತ್ತೋದಿಲ್ಲ.

ಡಿಶ್‌ವಾಶರ್‌ಗೆ ಅಗಲ 62 ಸೆಂ.ಮೀ. ಬಿಡಿ. ಎತ್ತರದಲ್ಲೇ ಎಲ್ಲರೂ ಎಡವೋದು: 33 ಇಂಚು ಅಂದರೆ 838 ಮಿ.ಮೀ., ಗ್ರಾನೈಟ್ 20 ಕಳೆದರೆ ಕೆಳಗೆ 818. ಬಿಡಿಯಾಗಿ ನಿಲ್ಲುವ ಯಂತ್ರದ ಎತ್ತರ ಸುಮಾರು 850. ಮೇಲಿನ ಮುಚ್ಚಳ ತೆಗೆದರೂ ತೂರಿಸೋದು ಕಷ್ಟ. ಯುಟಿಲಿಟಿಯಲ್ಲಿಡಿ, ಇಲ್ಲವೇ ಎಲ್ ಕಟ್ಟೆಯ ಆ ತೋಳನ್ನು 35 ಮಾಡಿ. ಮುಕ್ಕಾಲು ಇಂಚಿನ ನಲ್ಲಿ, ಡ್ರೈನ್, 16 ಆಂಪಿಯರ್ ಮೂರೂ ಅಲ್ಲಿರಲಿ. ಉಪ್ಪಿನ ಖಾನೆಗೆ ಅದರದ್ದೇ ಉಪ್ಪು ಬೇಕು. ಅಡುಗೆ ಪುಡಿ ಉಪ್ಪು ಹಾಕಿದರೆ ಗಟ್ಟಿಕಟ್ಟಿ ಯಂತ್ರದೊಳಗಿನ ನೀರು ಮೆದು ಮಾಡುವ ಭಾಗ ಕೆಡುತ್ತದೆ.

ಟ್ಯಾಂಕ್ ನೇರ ತಾರಸಿ ಮೇಲಿದೆ ಅಂದಿರಿ. 10 ಅಡಿ ನೀರಿನ ಒತ್ತಡ 0.3 ಬಾರ್. ಎಷ್ಟೋ ಡಿಶ್‌ವಾಶರ್‌ಗೆ ಅದೇ ಕನಿಷ್ಠ ಮಟ್ಟ. ಟ್ಯಾಂಕಿಗೆ 5 ಅಡಿ ಸ್ಟ್ಯಾಂಡ್ ಕಟ್ಟಿಸಿ. ಎಳೆದು ತೊಳೆಯುವ ಪುಲ್‌ಔಟ್ ನಲ್ಲಿಯ ಆಸೆ ಬಿಡಿ, ಸಣ್ಣ ಕೊಳವೆಯಲ್ಲಿ ಈ ಒತ್ತಡಕ್ಕೆ ಧಾರೆ ಬರೋದಿಲ್ಲ.

ಬಡಗಿ_ಲೆಕ್ಕ

ಬಾಗಿಲಿಗೆ ಐಎಸ್ 710 ಮುದ್ರೆಯ ಬಿಡಬ್ಲ್ಯೂಪಿ ಪ್ಲೈ, 18 ಮಿ.ಮೀ. ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಪದರ ಬಿಡಬಾರದು ಅನ್ನೋದು ಅದರ ಪರೀಕ್ಷೆ. ಒಳಗಡೆ ಕಡಪ ಇದ್ದೇ ಇರುತ್ತದೆ, ಗೆದ್ದಲಿಗೂ ಸೋರುವ ಸಿಂಕಿಗೂ ಅದು ಜಗ್ಗೋದಿಲ್ಲ. ಪೂರ್ತಿ ಮಾಡ್ಯುಲರ್ ಬೇಡ.

ಕಡಪ ಅಡ್ಡಗೋಡೆಗಳು ಯಾವತ್ತೂ ಸಮ ಇರೋದಿಲ್ಲ. ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಿರಿ. ಟೆಲಿಸ್ಕೋಪಿಕ್ ಚಾನಲ್ ಬದಿಗೆ 13 ಮಿ.ಮೀ. ತಿನ್ನುತ್ತದೆ. ಒಳಗೆ 526 ಸಿಕ್ಕರೆ ಬುಟ್ಟಿ 500, ಅಷ್ಟೆ. ಬುಟ್ಟಿ ಮೊದಲೇ ತಂದು ಕಲ್ಲು ನಿಲ್ಲಿಸೋದು ಇನ್ನೂ ಸಲೀಸು. ಕಡಪಕ್ಕೆ ಸ್ಕ್ರೂ ನಿಲ್ಲೋದಿಲ್ಲ, ಮರದ ರೀಪು ಕೂರಿಸಿ ಅದಕ್ಕೆ ಹೊಡೆಯಿರಿ. ಸಿಂಕ್ ಕೆಳಗಿನ ಬಾಗಿಲಿಗೆ ಮಾತ್ರ ಸ್ಟೀಲ್ 304 ಹಿಂಜ್ ಹಾಕಿ, ಸಾದಾ ನಿಕ್ಕಲ್ ಲೇಪದ್ದು ಅಲ್ಲಿ ಬೇಗ ತುಕ್ಕು ಹಿಡಿಯುತ್ತದೆ. 25 ಕೆ.ಜಿ. ಅಕ್ಕಿ ಡ್ರಾಯರ್‌ನಲ್ಲಿಡುವ ಆಸೆ ಬೇಡ, ಚಕ್ರದ ಡಬ್ಬಿ ನೆಲದ ಮೇಲಿರಲಿ. ಎಲ್ ಮೂಲೆಗೆ ತಿರುಗುವ ಬುಟ್ಟಿ ದುಬಾರಿ, ಹಬ್ಬದ ಪಾತ್ರೆಗೆ ಬಿಟ್ಟುಬಿಡಿ. ಗ್ರಾನೈಟ್ ಅಂಚಿನ ಕೆಳಗೆ ಒಂದು ಗೆರೆ ಕೊರೆಸಿ, ನೀರು ಬಾಗಿಲ ಮೇಲೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಹೊಸಮನೆ_ತುಮಕೂರು

ಹಾಗಾದರೆ ಒಲೆ ತೋಳು 32, ಹಾಬ್. ಸಿಂಕ್ ತೋಳು 35 ಮಾಡಿ ಡಿಶ್‌ವಾಶರ್ ಅಲ್ಲೇ. ಎರಡು ಪ್ರಶ್ನೆ ಉಳಿದಿವೆ. ಸಿಲಿಂಡರ್ ಯುಟಿಲಿಟಿಯಲ್ಲಿಟ್ಟು ಗೋಡೆ ಮೂಲಕ ರಬ್ಬರ್ ಪೈಪ್ ತರಬಹುದಾ? ಒಲೆ ಗೋಡೆಯಲ್ಲಿ 7 ಅಡಿಗೆ ಲಿಂಟಲ್ ಬೀಮ್ ಇದೆ, ಚಿಮಣಿ ತೂತು ಎಲ್ಲಿ?

ಒಗ್ಗರಣೆ_ಸೌಟು

ರಬ್ಬರ್ ಪೈಪ್ ಗೋಡೆಯೊಳಗೆ ಹೋಗಲೇಬಾರದು, ಇಲಿ ಕಡಿದರೂ ಬಿರುಕು ಬಿಟ್ಟರೂ ಕಾಣೋದಿಲ್ಲ. ಗೋಡೆಯಲ್ಲಿ ಸ್ಲೀವ್ ಹಾಕಿ ತಾಮ್ರದ ಪೈಪ್ ತನ್ನಿ, ಕೊನೆಗೆ ಕೈಗೆ ಸಿಗುವಲ್ಲಿ ವಾಲ್ವ್. ಎರಡು ತುದಿಗೆ ಮಾತ್ರ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್, ಒಂದೂವರೆ ಮೀಟರ್ ದಾಟದ ಹಾಗೆ. ಅದರ ಮೇಲೆ ಅಚ್ಚಾದ ವರ್ಷ ನೋಡಿ 5 ವರ್ಷಕ್ಕೆ ಬದಲಾಯಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಸಿಲಿಂಡರ್ ಇಟ್ಟ ಗೂಡಿಗೆ ಗಾಳಿಕಿಂಡಿ ಕೆಳಗಿರಬೇಕು, ಹತ್ತಿರ ಚರಂಡಿ ತೂತು ಇರಬಾರದು.

ಬೀಮ್ ಮುಟ್ಟಬೇಡಿ, ಕಂಬಿ ಕತ್ತರಿಸಿಹೋಗುತ್ತದೆ. ಬೀಮ್ ಮೇಲ್ತುದಿಗಿಂತ 3 ಇಂಚು ಬಿಟ್ಟು ಮೇಲಿನ ಇಟ್ಟಿಗೆ ಗೋಡೆಯಲ್ಲಿ 6.5 ಇಂಚಿನ ಕೋರ್ ಕಟಿಂಗ್ ಮಾಡಿಸಿ, ಹೊರಗಡೆಗೆ ಒಂದಿಷ್ಟು ಇಳಿಜಾರಾಗಿ. ಚಿಮಣಿಯಿಂದ ನೇರ ಮೇಲಕ್ಕೆ, ಅಲ್ಲಿ ಒಂದೇ ಬೆಂಡು. ಹಾಬ್ ತೋಳಿಗೂ ಸಿಂಕ್ ತೋಳಿಗೂ ನಡುವಿನ 3 ಇಂಚಿನ ಮೆಟ್ಟಿಲು ಹಾಬ್ ಅಂಚಿನಿಂದ ಒಂದೂವರೆ ಅಡಿಯಾದರೂ ದೂರ ಇರಲಿ, ಇಲ್ಲದಿದ್ದರೆ ಬಾಣಲೆ ಹಿಡಿ ಅದಕ್ಕೆ ತಾಗುತ್ತಿರುತ್ತದೆ.